ಗುರಿ ಹೊಡೆತ ಅಂತರರಾಷ್ಟ್ರೀಯ ಕ್ರೀಡೆಯಾದದ್ದು ಯಾವಾಗ: 1874, 1896 ಅಥವಾ 1897?

ಹಳೆಪುಟ (ಚರ್ಚೆ ಆರಂಭಿಸಿದವರು)

ಒಲಿಂಪಿಕ್ಸ್ ಬಂದಾಗಲೆಲ್ಲ ನಮ್ಮ ಪತ್ರಿಕೆಗಳು ಶೂಟಿಂಗ್ ಕ್ರೀಡೆಯ ಚರಿತ್ರೆಯನ್ನು 1896ರ ಅಥೆನ್ಸ್‌ನಿಂದಲೇ ಶುರುಮಾಡುತ್ತವೆ. ಆ ಆರಂಭಬಿಂದು ನನಗೆ ಸರಿಯೆನಿಸುವುದಿಲ್ಲ, ಅದನ್ನು ಪ್ರಶ್ನಿಸಲೆಂದೇ ಈ ಚರ್ಚೆಯನ್ನು ತೆರೆಯುತ್ತಿದ್ದೇನೆ. ಎರಡು ದೇಶಗಳ ಗುರಿಕಾರರು ಒಂದೆಡೆ ಸೇರಿ ಗುಂಡು ಹಾರಿಸಿದ ಮಾತ್ರಕ್ಕೆ ಅದು ಅಂತರರಾಷ್ಟ್ರೀಯ ಕ್ರೀಡೆಯಾಗುವುದಿಲ್ಲ. ದೂರ, ಗುರಿಫಲಕದ ಅಳತೆ, ಅಂಕ ಕೊಡುವ ಕ್ರಮ ಇವೆಲ್ಲ ಎಲ್ಲರಿಗೂ ಒಂದೇ ಆಗಿ, ಒಂದು ಊರಿನಲ್ಲಿ ಬಂದ ಅಂಕವನ್ನು ಮರುವರ್ಷ ಇನ್ನೊಂದು ದೇಶದಲ್ಲಿ ಬಂದ ಅಂಕದ ಪಕ್ಕದಲ್ಲಿಟ್ಟು ನೋಡಲು ಸಾಧ್ಯವಾದಾಗ ಮಾತ್ರ ಅದಕ್ಕೆ ಆ ಹೆಸರು ಸಲ್ಲುತ್ತದೆ ಎಂಬುದು ನನ್ನ ನಿಲುವು.

ಈ ಅಳತೆಗೋಲನ್ನು ಹಿಡಿದರೆ ಮೊದಲು ಕಾಣುವುದು ರಾಷ್ಟ್ರೀಯ ಸಂಘಗಳ ಕಾಲ. 1824ರಲ್ಲಿ ಸ್ವಿಟ್ಜರ್ಲೆಂಡಿನ ಆರಾವ್ ಪಟ್ಟಣದಲ್ಲಿ ಬೇರೆ ಬೇರೆ ಕ್ಯಾಂಟನ್‌ಗಳ (ಅಲ್ಲಿನ ಪ್ರಾಂತ್ಯಗಳ) ಗುರಿಕಾರರು ಸೇರಿ ಒಕ್ಕೂಟವೊಂದನ್ನು ಕಟ್ಟಿದರು ಮತ್ತು ಮೊದಲ ಒಕ್ಕೂಟ ಮಟ್ಟದ ಶೂಟಿಂಗ್ ಉತ್ಸವವನ್ನು ನಡೆಸಿದರು. ಆಗ ಸ್ವಿಟ್ಜರ್ಲೆಂಡ್ ಇಂದಿನಂತೆ ಬಿಗಿಯಾದ ಒಂದು ರಾಷ್ಟ್ರವಾಗಿರಲಿಲ್ಲ, ಅದರ ಸಂವಿಧಾನ ಬಂದದ್ದೇ 1848ರಲ್ಲಿ. ದೇಶ ಒಂದಾಗುವ ಮುನ್ನವೇ ಗುರಿಕಾರರು ಒಂದಾಗಿದ್ದರೆಂಬುದನ್ನು ನಾನು ಬಹಳ ಮಹತ್ವದ ಸಂಗತಿಯೆಂದು ತಿಳಿಯುತ್ತೇನೆ. ಜರ್ಮನಿಯಲ್ಲಿಯೂ ಹಾಗೆಯೇ ಆಯಿತು: 1861ರಲ್ಲಿ ಗೋಥಾದಲ್ಲಿ ಜರ್ಮನ್ ಗುರಿಕಾರರ ಒಕ್ಕೂಟ ಹುಟ್ಟಿತು, ಜರ್ಮನಿಯ ಏಕೀಕರಣಕ್ಕೆ ಅಲ್ಲಿಂದ ಇನ್ನೂ ಹತ್ತು ವರ್ಷ ಕಾಯಬೇಕಾಯಿತು.

ಬ್ರಿಟನ್ನಿನ ಕಥೆ ಬೇರೆ. ಫ್ರಾನ್ಸಿನ ಮೂರನೆಯ ನೆಪೋಲಿಯನ್ ದಂಡೆತ್ತಿ ಬರಬಹುದೆಂಬ ಭಯದಿಂದ 1859ರಲ್ಲಿ ಅಲ್ಲಿ ಸ್ವಯಂಸೇವಕ ಪಡೆಗಳು ಹುಟ್ಟಿಕೊಂಡವು, ಆ ಪಡೆಗಳಿಗೆ ಗುರಿ ಕಲಿಸುವ ಸಲುವಾಗಿ ನ್ಯಾಷನಲ್ ರೈಫಲ್ ಅಸೋಸಿಯೇಷನ್ ಸ್ಥಾಪನೆಯಾಯಿತು. 1860ರ ಜುಲೈ 2ರಂದು ವಿಂಬಲ್ಡನ್ ಬಯಲಿನಲ್ಲಿ ವಿಕ್ಟೋರಿಯಾ ರಾಣಿ ಮೊದಲ ಗುಂಡನ್ನು ಹಾರಿಸಿದರು. ಜೋಸೆಫ್ ವಿಟ್‌ವರ್ತ್ ತಾವೇ ತಯಾರಿಸಿದ ರೈಫಲನ್ನು ಒಂದು ಆಸರೆಗೆ ಬಿಗಿದು 400 ಗಜ ದೂರದ ಫಲಕಕ್ಕೆ ಗುರಿಯಿಟ್ಟಿದ್ದರು. ರಾಣಿ ರೇಷ್ಮೆಯ ದಾರವನ್ನು ಎಳೆದಾಗ ಗುಂಡು ಫಲಕದ ನಟ್ಟನಡುವಿನಿಂದ ಎರಡು ಅಂಗುಲದೊಳಗೇ ಹೋಗಿ ತಾಗಿತು. ಅದು ಉದ್ಘಾಟನೆಯೂ ಹೌದು, ಹೊಸ ರೈಫಲ್ ಎಷ್ಟು ದೂರಕ್ಕೆ ಎಷ್ಟು ನಿಖರವಾಗಿ ಹೊಡೆಯಬಲ್ಲದೆಂಬುದರ ಬಹಿರಂಗ ಪ್ರಯೋಗವೂ ಹೌದು.

ಇಷ್ಟಾದರೂ ಇವೆಲ್ಲ ತಮ್ಮ ತಮ್ಮ ದೇಶದೊಳಗಿನ ಕೂಟಗಳು. ಹೊರಗಿನವರು ಅತಿಥಿಗಳಾಗಿ ಬಂದಾಗ ಆತಿಥೇಯರ ನಿಯಮಕ್ಕೆ ತಲೆಬಾಗಬೇಕಿತ್ತು. ಆದ್ದರಿಂದ ನಾನು 1897ರಲ್ಲಿ ಫ್ರಾನ್ಸಿನ ಲಿಯೋನ್ ನಗರದಲ್ಲಿ ಹಲವು ದೇಶಗಳ ತಂಡಗಳು ಸೇರಿದ ಕೂಟವನ್ನೇ ನಿಜವಾದ ಆರಂಭವೆಂದು ಎಣಿಸುತ್ತೇನೆ. ನಿಮ್ಮ ಅಭಿಪ್ರಾಯಗಳನ್ನು ತಿಳಿಯಬಯಸುತ್ತೇನೆ.

ಎನ್‌ಸಿಸಿ ಹಳಬ

ಹಳೆಪುಟ ಅವರೇ, ನಿಮ್ಮ ಅಳತೆಗೋಲನ್ನು ಗೌರವಿಸುತ್ತೇನೆ, ಆದರೆ ಅದು 1874ಕ್ಕೆ ಅನ್ಯಾಯ ಮಾಡುತ್ತದೆ. ಆ ವರ್ಷದ ಸೆಪ್ಟೆಂಬರ್ 26ರಂದು ನ್ಯೂಯಾರ್ಕಿನ ಸಮೀಪ ಲಾಂಗ್ ಐಲೆಂಡಿನ ಕ್ರೀಡ್‌ಮೂರ್ ರೇಂಜಿನಲ್ಲಿ ಐರ್ಲೆಂಡ್ ಮತ್ತು ಅಮೆರಿಕ ತಂಡಗಳ ನಡುವೆ ನಡೆದ ಪಂದ್ಯವನ್ನು ಬಿಟ್ಟು ಈ ಕ್ರೀಡೆಯ ಚರಿತ್ರೆಯನ್ನು ಬರೆಯಲಾಗದು.

ಹಿನ್ನೆಲೆ ಹೀಗಿದೆ. ವಿಂಬಲ್ಡನ್‌ನಲ್ಲಿ ಎಲ್ಕೋ ಶೀಲ್ಡ್ ಎಂಬ ದೂರಗುರಿ ಪಂದ್ಯ 1862ರಲ್ಲಿ ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡ್ ನಡುವೆ ಆರಂಭವಾಗಿ, 1865ರಿಂದ ಐರ್ಲೆಂಡ್ ಕೂಡ ಅದರಲ್ಲಿ ಸೇರಿಕೊಂಡಿತು. 1873ರಲ್ಲಿ ಐರಿಷ್ ತಂಡ ಅದನ್ನು ಗೆದ್ದಿತು. ಆ ಗೆಲುವಿನ ಹುಮ್ಮಸ್ಸಿನಲ್ಲಿ ಮೇಜರ್ ಆರ್ಥರ್ ಲೀಚ್ ಅವರು ನ್ಯೂಯಾರ್ಕಿನ ಪತ್ರಿಕೆಯ ಮೂಲಕ ಅಮೆರಿಕದ ಗುರಿಕಾರರಿಗೆ ಸವಾಲು ಕಳುಹಿಸಿದರು. ಅಮೆರಿಕದ ನ್ಯಾಷನಲ್ ರೈಫಲ್ ಅಸೋಸಿಯೇಷನ್ ಹುಟ್ಟಿ ಆಗಿನ್ನೂ ಎರಡು ವರ್ಷ, ಕ್ರೀಡ್‌ಮೂರ್ ರೇಂಜ್ ಅದೇ ವರ್ಷ ತೆರೆದಿತ್ತು. 1000 ಗಜದ ಗುರಿಯಲ್ಲಿ ಅಲ್ಲಿನವರಿಗೆ ಹೇಳಿಕೊಳ್ಳುವಂಥ ಅನುಭವವೇ ಇರಲಿಲ್ಲ. ಹಾಗಿದ್ದರೂ ಜಾರ್ಜ್ ವಿಂಗೇಟ್ ಅವರ ನೇತೃತ್ವದ ನ್ಯೂಯಾರ್ಕಿನ ಅಮೆಚೂರ್ ರೈಫಲ್ ಕ್ಲಬ್ ಸವಾಲನ್ನು ಸ್ವೀಕರಿಸಿತು.

ಪ್ರತಿ ತಂಡದಲ್ಲಿ ಆರು ಮಂದಿ, 800, 900 ಮತ್ತು 1000 ಗಜಗಳಲ್ಲಿ ತಲಾ 15 ಗುಂಡುಗಳು. ಐರಿಷರ ಕೈಯಲ್ಲಿದ್ದುದು ಡಬ್ಲಿನ್ನಿನ ರಿಗ್ಬಿ ರೈಫಲ್. ಅದಕ್ಕೆ ಪ್ರತಿ ಸಲವೂ ನಳಿಗೆಯ ಬಾಯಿಯಿಂದ ಮದ್ದು ತುಂಬಬೇಕಿತ್ತು. ಅದನ್ನು ತಯಾರಿಸಿದ ಜಾನ್ ರಿಗ್ಬಿ ಸ್ವತಃ ಆ ತಂಡದಲ್ಲಿದ್ದರು. ಅಮೆರಿಕನ್ನರ ಬಳಿ ಇದ್ದುದು ರೆಮಿಂಗ್ಟನ್ ಮತ್ತು ಶಾರ್ಪ್ಸ್ ಕಂಪನಿಗಳು ತಯಾರಿಸಿದ, ಹಿಂಬದಿಯಿಂದ ತೋಟಾ ತುಂಬುವ ರೈಫಲ್‌ಗಳು. ಹೀಗಾಗಿ ಅಂದು ಪೈಪೋಟಿಗಿಳಿದದ್ದು ಎರಡು ದೇಶಗಳಷ್ಟೇ ಅಲ್ಲ, ಬಂದೂಕು ತಯಾರಿಕೆಯ ಎರಡು ವಿಧಾನಗಳು ಕೂಡ. ಬಾಯಿಯಿಂದ ತುಂಬುವ ರೈಫಲೇ ಹೆಚ್ಚು ನಿಖರವೆಂಬುದು ಆಗಿನ ತಜ್ಞರಲ್ಲಿ ಅನೇಕರ ನಂಬಿಕೆಯಾಗಿತ್ತು.

ಸಾವಿರಾರು ಪ್ರೇಕ್ಷಕರು ಸೇರಿದ್ದರು. ಕೊನೆಯ ಗುಂಡು ಉಳಿದಿದ್ದಾಗ ಅಮೆರಿಕ ಒಂದು ಅಂಕ ಹಿಂದಿತ್ತು. ಹೊಡೆಯಬೇಕಾಗಿದ್ದವರು ಕರ್ನಲ್ ಜಾನ್ ಬೋಡೀನ್. ಅದಕ್ಕೆ ಸ್ವಲ್ಪ ಮೊದಲು ಪಾನೀಯದ ಬಾಟಲಿಯೊಂದು ಕೈಯಲ್ಲೇ ಒಡೆದು ಗಾಯವಾಗಿ ರಕ್ತ ಸುರಿಯುತ್ತಿತ್ತು. ಅವರು ಕೈಗೆ ಬಟ್ಟೆ ಸುತ್ತಿಕೊಂಡು ಮಲಗಿ, 1000 ಗಜ ದೂರದ ಫಲಕದ ನಡುಭಾಗಕ್ಕೇ ಹೊಡೆದರು. ಅಮೆರಿಕ 934, ಐರ್ಲೆಂಡ್ 931.

ಗಣಿತ ಮೇಷ್ಟ್ರು

ಈ ಪಂದ್ಯದ ಅಂಕಪಟ್ಟಿಯನ್ನು ಹಂತ ಹಂತವಾಗಿ ನೋಡಿದರೆ ಇನ್ನೂ ಸ್ವಾರಸ್ಯವಿದೆ. ನಡುಭಾಗಕ್ಕೆ 4, ಅದರ ಸುತ್ತಲಿನ ಭಾಗಕ್ಕೆ 3, ಹೊರಭಾಗಕ್ಕೆ 2 ಅಂಕ ಕೊಡುತ್ತಿದ್ದರು. ಆರು ಮಂದಿ ತಲಾ 45 ಗುಂಡು ಹಾರಿಸಿದರೆ 270 ಗುಂಡುಗಳಾಗುತ್ತವೆ, ಅಂದರೆ ಗರಿಷ್ಠ 1080 ಅಂಕ. 800 ಗಜದಲ್ಲಿ ಅಮೆರಿಕ 326, ಐರ್ಲೆಂಡ್ 317. 900 ಗಜದಲ್ಲಿ ಅಮೆರಿಕ 310, ಐರ್ಲೆಂಡ್ 312. 1000 ಗಜದಲ್ಲಿ ಅಮೆರಿಕ 298, ಐರ್ಲೆಂಡ್ 302. ದೂರ ಹೆಚ್ಚಿದಂತೆ ಐರಿಷರೇ ಮೇಲುಗೈ ಸಾಧಿಸಿದ್ದಾರೆ. ಮೊದಲ ಹಂತದಲ್ಲಿ ಬಿಟ್ಟುಕೊಟ್ಟ ಒಂಬತ್ತು ಅಂಕಗಳಲ್ಲಿ ಆರನ್ನು ಅವರು ಮರಳಿ ಗಳಿಸಿದರು, ಮೂರು ಮಾತ್ರ ಉಳಿದುಹೋಯಿತು. ಅಮೆರಿಕದ ಹೆನ್ರಿ ಫುಲ್ಟನ್ ಒಬ್ಬರೇ 180ಕ್ಕೆ 171 ಗಳಿಸಿದ್ದರು.

ಈ ಮೂರು ಅಂಕಗಳ ಹಿಂದೆ ಒಂದು ನೋವಿನ ಸಂಗತಿಯಿದೆ. ಐರಿಷ್ ತಂಡದ ಜೆ. ಕೆ. ಮಿಲ್ನರ್ ಅವರ ಒಂದು ಗುಂಡು ಸರಿಯಾಗಿ ನಡುಭಾಗಕ್ಕೆ ಬಿದ್ದಿತ್ತು, ಆದರೆ ಅದು ಅವರಿಗೆ ನಿಗದಿಯಾಗಿದ್ದ ಫಲಕವಾಗಿರದೆ ಪಕ್ಕದ ಫಲಕವಾಗಿತ್ತು. ನಿಯಮದಂತೆ ಅದಕ್ಕೆ ಸೊನ್ನೆ. ಆ 4 ಅಂಕ ಸೇರಿದ್ದರೆ ಐರ್ಲೆಂಡ್ 935 ಆಗಿ, ಒಂದು ಅಂಕದಿಂದ ಗೆಲ್ಲುತ್ತಿತ್ತು.

ಶರಾವತಿ

ತರಬೇತಿ ಪಡೆದ ಗುರಿಕಾರರೊಬ್ಬರು ಬೇರೆಯವರ ಫಲಕಕ್ಕೆ ಹೊಡೆಯುವುದು ಹೇಗೆ ಸಾಧ್ಯ ಎಂಬುದನ್ನು ತಿಳಿದವರು ವಿವರಿಸಬೇಕೆಂದು ಕೋರುತ್ತೇನೆ. ಕ್ರೀಡೆಯ ಒಳಗಿನವರಿಗೆ ಇದು ಸಣ್ಣ ವಿಷಯವಿರಬಹುದು, ಹೊರಗಿನಿಂದ ಓದುವ ನಮಗೆ ನಂಬಲು ಕಷ್ಟವಾಗುತ್ತದೆ.

ಎನ್‌ಸಿಸಿ ಹಳಬ

ಶರಾವತಿ ಅವರೇ, ಸಾಲಾಗಿ ನಿಲ್ಲಿಸಿದ ಫಲಕಗಳು ಒಂದೇ ಬಣ್ಣ, ಒಂದೇ ಆಕಾರದಲ್ಲಿರುತ್ತವೆ. 1000 ಗಜವೆಂದರೆ ಸುಮಾರು 914 ಮೀಟರ್. ಅಷ್ಟು ದೂರದಿಂದ ಮೂರು ಅಡಿ ಅಗಲದ ಕಪ್ಪು ಗುರುತು ರೈಫಲಿನ ಮುಂಗುರಿಯ (ನಳಿಗೆಯ ತುದಿಯಲ್ಲಿರುವ ಗುರಿಗುರುತಿನ) ಹಿಂದೆ ಒಂದು ಚುಕ್ಕೆಯಾಗಿ ಕಾಣುತ್ತದೆ. ಗುರಿಕಾರ ಕಣ್ಣನ್ನು ಗುರಿಯಿಂದ ತೆಗೆದು, ಗಾಳಿ ಎತ್ತ ಬೀಸುತ್ತಿದೆಯೆಂದು ಬಾವುಟಗಳನ್ನು ನೋಡಿ, ಗುರಿಪಟ್ಟಿಯನ್ನು ಎಡಕ್ಕೋ ಬಲಕ್ಕೋ ತಿರುಗಿಸಿ ಮತ್ತೆ ಕಣ್ಣಿಟ್ಟಾಗ ಪಕ್ಕದ ಚುಕ್ಕೆಯೇ ತನ್ನದೆನಿಸುವ ಸಂಭವವಿದೆ. ಎನ್‌ಸಿಸಿ ಶಿಬಿರಗಳಲ್ಲಿ .22 ರೈಫಲ್ ಹಿಡಿದವರಿಗೆ, ಕೇವಲ 25 ಗಜದಲ್ಲಿಯೂ ಒಬ್ಬರ ಫಲಕದಲ್ಲಿ ಇನ್ನೊಬ್ಬರ ತೂತು ಕಾಣಿಸಿಕೊಳ್ಳುವುದು ಗೊತ್ತಿರುತ್ತದೆ. ಆಗಿನ ಮದ್ದಿನ ಹೊಗೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ: ಹೊಗೆಯಿಲ್ಲದ ಮದ್ದು ಬಳಕೆಗೆ ಬಂದದ್ದು 1880ರ ದಶಕದಲ್ಲಿ, ಅಲ್ಲಿಯವರೆಗೆ ಪ್ರತಿ ಹೊಡೆತದ ನಂತರ ಎದುರಿಗೆ ಬಿಳಿಯ ಮೋಡವೇ ನಿಲ್ಲುತ್ತಿತ್ತು.

ಮಿಲ್ನರ್ ಅವರನ್ನು ಆ ಒಂದು ಗುಂಡಿನಿಂದಷ್ಟೇ ನೆನೆಯುವುದು ತಪ್ಪಾಗುತ್ತದೆ. ಅದಾಗಿ 34 ವರ್ಷಗಳ ನಂತರ, 1908ರ ಲಂಡನ್ ಒಲಿಂಪಿಕ್ಸ್‌ನಲ್ಲಿ 1000 ಗಜದ ಫ್ರೀ ರೈಫಲ್ (ಸೇನಾ ಮಾದರಿಯದೇ ಆಗಿರಬೇಕೆಂಬ ಕಟ್ಟುಪಾಡಿಲ್ಲದ ರೈಫಲ್) ಸ್ಪರ್ಧೆಯ ಚಿನ್ನ ಗೆದ್ದವರು ಅವರೇ.

ಹಳೆಪುಟ

ಎನ್‌ಸಿಸಿ ಹಳಬ ಮತ್ತು ಮೇಷ್ಟ್ರು ಇಬ್ಬರಿಗೂ ಕೃತಜ್ಞನಾಗಿದ್ದೇನೆ. ಕ್ರೀಡ್‌ಮೂರ್ ಪಂದ್ಯದ ಘನತೆಯನ್ನು ನಾನು ಅಲ್ಲಗಳೆಯುವುದಿಲ್ಲ. ಮರುವರ್ಷ ಡಬ್ಲಿನ್ನಿನ ಡಾಲಿಮೌಂಟ್‌ನಲ್ಲಿ ಅಮೆರಿಕ 968-929ರಿಂದ ಮತ್ತೆ ಗೆದ್ದು, ಮೊದಲ ಗೆಲುವು ಅದೃಷ್ಟದ್ದಲ್ಲವೆಂದು ತೋರಿಸಿತು. 1876ರಲ್ಲಿ ಅಮೆರಿಕದ ಸ್ವಾತಂತ್ರ್ಯದ ನೂರನೆಯ ವರ್ಷದ ನೆನಪಿಗೆ ಅದೇ ಕ್ರೀಡ್‌ಮೂರ್‌ನಲ್ಲಿ ನಡೆದ ಪಾಲ್ಮಾ ಪಂದ್ಯಕ್ಕೆ ಐರ್ಲೆಂಡ್, ಸ್ಕಾಟ್ಲೆಂಡ್, ಕೆನಡಾ ತಂಡಗಳಲ್ಲದೆ ಸಮುದ್ರ ದಾಟಿ ಆಸ್ಟ್ರೇಲಿಯಾದ ತಂಡವೂ ಬಂದಿತ್ತು. ಅಲ್ಲಿಯೂ ಅಮೆರಿಕವೇ ಗೆದ್ದಿತು.

ಆದರೆ ನನ್ನ ವಾದಕ್ಕೆ ಬಲ ಕೊಡುವುದು ಅದರ ನಂತರದ ಘಟನೆಗಳೇ. ಎರಡೇ ವರ್ಷಗಳಲ್ಲಿ, ಅಂದರೆ 1878ರಲ್ಲಿ, ಸವಾಲು ಹಾಕುವವರೇ ಇಲ್ಲದೆ ಅಮೆರಿಕ ಎದುರಾಳಿಯಿಲ್ಲದೆ ಟ್ರೋಫಿಯನ್ನು ಉಳಿಸಿಕೊಳ್ಳಬೇಕಾಯಿತು. 1880ರ ನಂತರ ಪಂದ್ಯ ನಿಂತೇಹೋಗಿ, 1901ರಲ್ಲಿ ನ್ಯೂಜೆರ್ಸಿಯ ಸೀ ಗರ್ಟ್‌ನಲ್ಲಿ ಪುನಃ ಆರಂಭವಾದಾಗ ಕೆನಡಾ ಗೆದ್ದಿತು. 1903ರಲ್ಲಿ ಇಂಗ್ಲೆಂಡಿನ ಬಿಸ್ಲಿ ರೇಂಜಿನಲ್ಲಿ ಅಮೆರಿಕ ಗೆದ್ದಾಗ, ಅವರ ರೈಫಲ್‌ಗಳ ನಳಿಗೆಗಳು ಸೇನೆಯ ಅಧಿಕೃತ ಮಾದರಿಯವಲ್ಲವೆಂಬ ಆಕ್ಷೇಪ ಎದ್ದು, ಕೊನೆಗೆ ಟ್ರೋಫಿಯನ್ನು ಹಿಂದಿರುಗಿಸಲಾಯಿತು. ಇಂಥ ತಕರಾರನ್ನು ಕೇಳಿ ತೀರ್ಪು ಕೊಡಲು ಎರಡೂ ಕಡೆಯವರು ಒಪ್ಪಿದ ಸಂಸ್ಥೆಯೊಂದು ಇರಲಿಲ್ಲ. ಸವಾಲು ಹಾಕುವವರು, ಸ್ವೀಕರಿಸುವವರು ಇದ್ದಷ್ಟು ಕಾಲ ಪಂದ್ಯ, ಅವರು ಸುಮ್ಮನಾದರೆ ಪಂದ್ಯವಿಲ್ಲ. ಇದನ್ನು ನಾನು ಎರಡು ದೇಶಗಳ ದ್ವಂದ್ವವೆಂದು ಕರೆಯಬಲ್ಲೆ, ನೆಲೆನಿಂತ ಕ್ರೀಡೆಯೆಂದಲ್ಲ. ಅದರ ಆರಂಭದ ವರ್ಷಗಳಲ್ಲಿ ಪಾಲ್ಗೊಂಡವರೆಲ್ಲರೂ ಗಜದಲ್ಲಿ ಅಳೆಯುವ, ಇಂಗ್ಲಿಷ್ ಮಾತನಾಡುವ ದೇಶಗಳವರೆಂಬುದನ್ನೂ ಗಮನಿಸಬೇಕು.

ಅಥೆನ್ಸ್ ಬಗ್ಗೆ ಒಂದು ಮಾತು. 1896ರಲ್ಲಿ ಕಲ್ಲಿಥಿಯಾದ ರೇಂಜಿನಲ್ಲಿ ಐದು ಸ್ಪರ್ಧೆಗಳು ನಡೆದವು. 200 ಮೀಟರ್ ಸೇನಾ ರೈಫಲಿನಲ್ಲಿ ಗ್ರೀಸಿನ ಪಾಂಟೆಲಿಸ್ ಕರಸೆವ್ಡಾಸ್, 300 ಮೀಟರಿನಲ್ಲಿ ಅದೇ ದೇಶದ ಗಿಯೋರ್ಗಿಯೋಸ್ ಓರ್ಫಾನಿಡಿಸ್ ಗೆದ್ದರು. ಪಿಸ್ತೂಲಿನ ಮೂರರಲ್ಲಿ ಎರಡನ್ನು ಬಾಸ್ಟನ್ನಿನ ಅಣ್ಣತಮ್ಮಂದಿರಾದ ಜಾನ್ ಪೇನ್ ಮತ್ತು ಸಮ್ನರ್ ಪೇನ್ ಹಂಚಿಕೊಂಡರು. ಮೊದಲನೆಯದನ್ನು ಗೆದ್ದ ಜಾನ್, ಆತಿಥೇಯರಿಗೆ ಮುಜುಗರವಾಗಬಾರದೆಂದು ಎರಡನೆಯದರಿಂದ ಹಿಂದೆ ಸರಿದು ಸಮ್ನರ್‌ಗೆ ಬಿಟ್ಟುಕೊಟ್ಟರು. ಪದಕ ಗೆದ್ದ ಡೆನ್ಮಾರ್ಕಿನ ವಿಗ್ಗೊ ಯೆನ್ಸನ್ ಅದೇ ಕೂಟದ ಭಾರ ಎತ್ತುವ ಸ್ಪರ್ಧೆಯಲ್ಲಿ ಚಿನ್ನ ಪಡೆದವರು. ಸ್ನೇಹದ ಕೂಟವಾಗಿ ಅದು ಸುಂದರವಾಗಿಯೇ ಇತ್ತು. ಆದರೆ ಯುರೋಪಿನ ದೊಡ್ಡ ಶೂಟಿಂಗ್ ಸಂಘಗಳು ತಮ್ಮ ಶ್ರೇಷ್ಠ ಗುರಿಕಾರರನ್ನು ಅಲ್ಲಿಗೆ ಕಳುಹಿಸಿರಲಿಲ್ಲ.

ಮಡಿಕೇರಿಯ ಓದುಗ

ನಮ್ಮ ಕೊಡಗಿನಲ್ಲಿ ಕೈಲ್ ಪೊಳ್ದ್ ಹಬ್ಬದ ದಿನ ಕೋವಿಗೆ ಪೂಜೆ ಸಲ್ಲಿಸಿ, ಮರದ ಮೇಲೆ ಕಟ್ಟಿದ ತೆಂಗಿನಕಾಯಿಗೆ ಗುರಿ ಹೊಡೆಯುವ ಪಂದ್ಯ ಇಂದಿಗೂ ಊರೂರಿನಲ್ಲಿ ನಡೆಯುತ್ತದೆ. ಹಳೆಪುಟ ಅವರು ಬರೆದ ಸ್ವಿಸ್ ಉತ್ಸವಗಳು ಇಂಥವೇ ಆಗಿದ್ದವೆ?

ಹಳೆಪುಟ

ಊರಿನವರೆಲ್ಲ ಸೇರುವುದು, ಕೋವಿ ಹಿಡಿಯುವುದನ್ನು ಮನೆತನದ ಗೌರವವೆಂದು ಭಾವಿಸುವುದು, ಹಬ್ಬ ಮತ್ತು ಪಂದ್ಯ ಒಂದಾಗಿರುವುದು, ಇಷ್ಟರಲ್ಲಿ ಹೋಲಿಕೆಯಿದೆ ಸರ್. ಸ್ವಿಟ್ಜರ್ಲೆಂಡಿನಲ್ಲಿ ಅದರ ಜೊತೆಗೆ ಪ್ರಜಾಸೇನೆಯ ಪದ್ಧತಿಯಿತ್ತು. ಪ್ರತಿಯೊಬ್ಬ ಗಂಡಸೂ ಸೈನಿಕನಾಗಿದ್ದು ಬಂದೂಕನ್ನು ಮನೆಯಲ್ಲೇ ಇಟ್ಟುಕೊಳ್ಳುತ್ತಿದ್ದ ಕಾರಣ ಹಳ್ಳಿಹಳ್ಳಿಗೂ ರೇಂಜ್ ಬೇಕಾಯಿತು, ರೇಂಜಿದ್ದಲ್ಲೆಲ್ಲ ಸಂಘ ಹುಟ್ಟಿತು. ಉತ್ಸವದಲ್ಲಿ ಗೆದ್ದವರಿಗೆ ಬೆಳ್ಳಿಯ ಬಟ್ಟಲುಗಳನ್ನೂ ನಗದನ್ನೂ ಕೊಡುತ್ತಿದ್ದರು. ಆ ನಗದು ಮುಂದೆ ದೊಡ್ಡ ತೊಡಕಾಯಿತು, ಅದನ್ನು ಆಮೇಲೆ ಬರೆಯುತ್ತೇನೆ.

ಈಗ ಲಿಯೋನ್‌ಗೆ ಬರೋಣ. 1870-71ರ ಯುದ್ಧದಲ್ಲಿ ಜರ್ಮನಿಗೆ ಸೋತ ನಂತರ ಫ್ರಾನ್ಸಿನಾದ್ಯಂತ ಶೂಟಿಂಗ್ ಸಂಘಗಳು ಹುಟ್ಟಿಕೊಂಡವು. ಲಿಯೋನ್ ನಗರದ ಸಂಘ 1897ರಲ್ಲಿ ತನ್ನ 25ನೆಯ ವರ್ಷದ ಸಂಭ್ರಮಕ್ಕೆ ಬೇರೆ ದೇಶಗಳ ತಂಡಗಳನ್ನು ಕರೆಯಿತು. ಫ್ರಾನ್ಸ್, ಇಟಲಿ, ನೆದರ್‌ಲೆಂಡ್ಸ್, ನಾರ್ವೆ, ಸ್ವಿಟ್ಜರ್ಲೆಂಡ್, ಹೀಗೆ ಐದು ದೇಶಗಳ ತಂಡಗಳು 300 ಮೀಟರ್ ದೂರದಲ್ಲಿ ನಿಂತು, ಮಂಡಿಯೂರಿ, ಮಲಗಿ, ಮೂರೂ ಭಂಗಿಗಳಲ್ಲಿ ಸ್ಪರ್ಧಿಸಿದವು. ಸ್ವಿಸ್ ತಂಡ ಗೆದ್ದಿತು. ಇದನ್ನೇ ಮೊದಲ ವಿಶ್ವ ಚಾಂಪಿಯನ್‌ಷಿಪ್ ಎಂದು ಪರಿಗಣಿಸಲಾಗುತ್ತದೆ. ಮುಂದಿನ ವರ್ಷ ಟೂರಿನ್, ಅದರ ಮುಂದಿನ ವರ್ಷ ಹೇಗ್ ಸಮೀಪದ ಲೋಸ್‌ಡೈನೆನ್, 1900ರಲ್ಲಿ ಪ್ಯಾರಿಸ್, ಹೀಗೆ ವರ್ಷವೂ ತಪ್ಪದೆ ಕೂಟ ನಡೆಯಿತು. 1903ರಲ್ಲಿ ಅದು ಅಟ್ಲಾಂಟಿಕ್ ದಾಟಿ ಬ್ಯೂನಸ್ ಐರಿಸ್‌ಗೂ ಹೋಯಿತು. ಈ ತಪ್ಪದ ವಾರ್ಷಿಕತೆಯನ್ನೇ ನಾನು ಮೊದಲಿನಿಂದ ಒತ್ತಿ ಹೇಳುತ್ತಿರುವುದು.

ಗಣಿತ ಮೇಷ್ಟ್ರು

ಅಂಕಗಳ ದೃಷ್ಟಿಯಿಂದ ಹಳೆಪುಟ ಅವರ ಮಾತನ್ನು ನಾನು ಒಪ್ಪುತ್ತೇನೆ. 1900ರ ಪ್ಯಾರಿಸ್ ಸ್ಪರ್ಧೆಯನ್ನೇ ತೆಗೆದುಕೊಳ್ಳೋಣ. ಅದು ವಿಶ್ವ ಚಾಂಪಿಯನ್‌ಷಿಪ್ ಕೂಡ ಆಗಿತ್ತು, ಒಲಿಂಪಿಕ್ ಸ್ಪರ್ಧೆಯೂ ಆಗಿತ್ತು. ಪ್ರತಿ ಭಂಗಿಯಲ್ಲಿ 40ರಂತೆ 120 ಗುಂಡು, ಪ್ರತಿ ಗುಂಡಿಗೆ ಗರಿಷ್ಠ 10, ಒಟ್ಟು 1200. ಸ್ವಿಟ್ಜರ್ಲೆಂಡಿನ ಎಮಿಲ್ ಕೆಲ್ಲೆನ್‌ಬರ್ಗರ್ 930 ಗಳಿಸಿ ಗೆದ್ದರು. ನಿಂತು ಹೊಡೆಯುವುದರಲ್ಲಿ ಡೆನ್ಮಾರ್ಕಿನ ಲಾರ್ಸ್ ಮ್ಯಾಡ್ಸನ್, ಮಂಡಿಯೂರಿ ಹೊಡೆಯುವುದರಲ್ಲಿ ಸ್ವಿಟ್ಜರ್ಲೆಂಡಿನ ಕೊನ್ರಾಡ್ ಸ್ಟೆಹೆಲಿ, ಮಲಗಿ ಹೊಡೆಯುವುದರಲ್ಲಿ ಫ್ರಾನ್ಸಿನ ಅಷಿಲ್ ಪರೋಶ್ ಮೊದಲಿಗರಾದರು. ಈ ಲೆಕ್ಕದ ಕ್ರಮ ದಶಕಗಳ ಕಾಲ ಉಳಿಯಿತು, ಆದ್ದರಿಂದ ಆ 930ನ್ನು ನಂತರದ ಪೀಳಿಗೆಗಳ ಅಂಕಗಳೊಂದಿಗೆ ಹೋಲಿಸಬಹುದು.  

ಎನ್‌ಸಿಸಿ ಹಳಬ

ಮೇಷ್ಟ್ರ ಲೆಕ್ಕಕ್ಕೆ ಎದುರು ಮಾತಿಲ್ಲ. ಆದರೂ ದೇಶಗಳ ನಡುವಣ ಪಂದ್ಯವನ್ನು ನೋಡಲು ಜನ ಸಾವಿರಗಟ್ಟಲೆ ಬರುತ್ತಾರೆ, ಪತ್ರಿಕೆಗಳು ಅದನ್ನು ಮುಖ್ಯ ಸುದ್ದಿಯಾಗಿ ಮುದ್ರಿಸುತ್ತವೆ ಎಂದು ಮೊದಲು ತೋರಿಸಿಕೊಟ್ಟದ್ದು ಕ್ರೀಡ್‌ಮೂರ್ ಎಂಬ ನನ್ನ ಅಭಿಪ್ರಾಯವನ್ನು ನಾನು ಬಿಡುವುದಿಲ್ಲ. ಪಾಲ್ಮಾ ಪಂದ್ಯ ಇಂದಿಗೂ 800, 900, 1000 ಗಜಗಳಲ್ಲಿಯೇ ನಡೆಯುತ್ತಿದೆ. ಆ ಪರಂಪರೆ ಸತ್ತಿಲ್ಲ.

ಶರಾವತಿ

ಇಷ್ಟೆಲ್ಲ ವಿವರಗಳ ನಡುವೆ ಮಹಿಳೆಯರ ಹೆಸರು ಎಲ್ಲಿಯೂ ಬರಲಿಲ್ಲವೆಂಬುದು ನನ್ನನ್ನು ಕಾಡುತ್ತಿದೆ. ವಿಂಬಲ್ಡನ್‌ನಲ್ಲಿ ವಿಕ್ಟೋರಿಯಾ ರಾಣಿ, ಅಥೆನ್ಸ್‌ನಲ್ಲಿ ಓಲ್ಗಾ ರಾಣಿ ಮೊದಲ ಗುಂಡು ಹಾರಿಸಿ ಉದ್ಘಾಟಿಸಿದರು, ಸ್ಪರ್ಧಿಸಿದವರೆಲ್ಲ ಗಂಡಸರೇ. ದೇಹಬಲ ನಿರ್ಣಾಯಕವಲ್ಲದ ಈ ಕ್ರೀಡೆಯಲ್ಲಿ ಹಾಗಾಗಲು ಕಾರಣವೇನು?

ಹಳೆಪುಟ

ಶರಾವತಿ ಅವರೇ, ಸಂಘಗಳೆಲ್ಲ ಸೈನ್ಯದ ನೆರಳಿನಲ್ಲಿ ಹುಟ್ಟಿದ್ದೇ ಅದಕ್ಕೆ ಮುಖ್ಯ ಕಾರಣವೆಂದು ನಾನು ತಿಳಿಯುತ್ತೇನೆ. ಸೈನಿಕನಾಗಬಲ್ಲವನೇ ಗುರಿಕಾರ ಎಂಬ ಎಣಿಕೆ ಸದಸ್ಯತ್ವದಲ್ಲಿಯೇ ಇತ್ತು. 1930ರಲ್ಲಿ ಬಿಸ್ಲಿಯಲ್ಲಿ ಮಾರ್ಜೊರಿ ಫಾಸ್ಟರ್ ಎಂಬುವರು ಗಂಡಸರೆಲ್ಲರನ್ನೂ ಸೋಲಿಸಿ, ಬ್ರಿಟನ್ನಿನ ರೈಫಲ್ ಕ್ರೀಡೆಯ ಪ್ರಮುಖ ಬಹುಮಾನವಾದ ಕಿಂಗ್ಸ್ ಪ್ರೈಜ್ ಗೆದ್ದರು. ಅಷ್ಟಾದರೂ ಒಲಿಂಪಿಕ್ಸ್ ಶೂಟಿಂಗ್‌ನಲ್ಲಿ ಮಹಿಳೆಯರು ಮೊದಲ ಬಾರಿಗೆ ಸ್ಪರ್ಧಿಸಿದ್ದು 1968ರಲ್ಲಿ, ಅವರಿಗೆಂದೇ ಸ್ಪರ್ಧೆಗಳು ಏರ್ಪಟ್ಟದ್ದು 1984ರಲ್ಲಿ. ಇಷ್ಟು ತಡವಾದದ್ದಕ್ಕೆ ಯಾವ ಸಮರ್ಥನೆಯೂ ನನಗೆ ಕಾಣುವುದಿಲ್ಲ.

ಮಡಿಕೇರಿಯ ಓದುಗ

ನಗದು ಬಹುಮಾನದ ತೊಡಕನ್ನು ಆಮೇಲೆ ಬರೆಯುವುದಾಗಿ ಹೇಳಿದ್ದಿರಿ ಸರ್. ಹಾಗೆಯೇ ಈ ವಾರ್ಷಿಕ ಕೂಟಗಳಿಗೆ ಒಂದು ಸಂಸ್ಥೆ ಹೇಗೆ ಬಂದಿತೆಂಬುದನ್ನೂ ತಿಳಿಸಬೇಕು.

ಹಳೆಪುಟ

1907ರ ಜುಲೈಯಲ್ಲಿ ಜ್ಯೂರಿಕ್‌ನಲ್ಲಿ ಆ ವರ್ಷದ ಚಾಂಪಿಯನ್‌ಷಿಪ್ ನಡೆಯುತ್ತಿದ್ದಾಗ ಎಂಟು ದೇಶಗಳ ಪ್ರತಿನಿಧಿಗಳು ಸೇರಿ ಅಂತರರಾಷ್ಟ್ರೀಯ ಶೂಟಿಂಗ್ ಒಕ್ಕೂಟವನ್ನು ಸ್ಥಾಪಿಸಿದರು. ಅರ್ಜೆಂಟೀನಾ, ಆಸ್ಟ್ರಿಯಾ, ಬೆಲ್ಜಿಯಂ, ಫ್ರಾನ್ಸ್, ಗ್ರೀಸ್, ಇಟಲಿ, ನೆದರ್‌ಲೆಂಡ್ಸ್, ಸ್ವಿಟ್ಜರ್ಲೆಂಡ್ ಇವೇ ಆ ಎಂಟು. ಫ್ರಾನ್ಸಿನ ಡೇನಿಯಲ್ ಮೆರಿಯೋಂ ಮೊದಲ ಅಧ್ಯಕ್ಷರಾದರು. ಪಟ್ಟಿಯಲ್ಲಿ ಬ್ರಿಟನ್ ಇಲ್ಲ, ಅಮೆರಿಕವೂ ಇಲ್ಲ. ಗಜದವರು ಒಂದು ಕಡೆ, ಮೀಟರಿನವರು ಇನ್ನೊಂದು ಕಡೆ ಉಳಿದದ್ದು ಇದರಲ್ಲಿ ಸ್ಪಷ್ಟವಾಗಿದೆ. ಮರುವರ್ಷ ಲಂಡನ್ ಒಲಿಂಪಿಕ್ಸ್‌ಗಾಗಿ ಬಿಸ್ಲಿಯಲ್ಲಿ ಎರಡೂ ಪರಂಪರೆಗಳು ಒಂದೇ ನೆಲದ ಮೇಲೆ ಬಂದವು. 1000 ಗಜವೂ ಇತ್ತು, 300 ಮೀಟರೂ ಇತ್ತು, ಅವುಗಳ ಜೊತೆ ಓಡುವ ಜಿಂಕೆಯ ಆಕಾರದ ಫಲಕಕ್ಕೆ ಹೊಡೆಯುವ ಸ್ಪರ್ಧೆಯೂ ಇತ್ತು. ಆ ಸ್ಪರ್ಧೆಯ ಚಿನ್ನ ಗೆದ್ದ ಸ್ವೀಡನ್ನಿನ ಆಸ್ಕರ್ ಸ್ವಾನ್ ಅವರಿಗೆ ಆಗ 60 ವರ್ಷ. ಅವರು 1920ರ ಆಂಟ್‌ವರ್ಪ್‌ನಲ್ಲಿ 72ನೆಯ ವಯಸ್ಸಿನಲ್ಲಿ ತಂಡದ ಬೆಳ್ಳಿಯನ್ನೂ ಪಡೆದರು.

ಒಕ್ಕೂಟದ ಬದುಕು ಸುಗಮವಾಗಿರಲಿಲ್ಲ. 1913ರಲ್ಲಿ ಅಮೆರಿಕದ ಕ್ಯಾಂಪ್ ಪೆರಿಯಲ್ಲಿ ಚಾಂಪಿಯನ್‌ಷಿಪ್ ನಡೆದು, ಗಜದವರ ನೆಲಕ್ಕೂ ಅದು ಕಾಲಿಟ್ಟಿತ್ತು. ಮರುವರ್ಷ ಡೆನ್ಮಾರ್ಕಿನ ವಿಬೋರ್‌ನಲ್ಲಿ ಕೂಟ ಮುಗಿದ ಬಳಿಕ ಅದೇ ವರ್ಷ ಮಹಾಯುದ್ಧ ಆರಂಭವಾಯಿತು, ಒಂದೇ ರೇಂಜಿನಲ್ಲಿ ಪಕ್ಕಪಕ್ಕ ಮಲಗಿ ಗುರಿ ಹೊಡೆದ ದೇಶಗಳು ಎದುರುಬದುರು ನಿಂತವು. 1915ರಲ್ಲಿ ಒಕ್ಕೂಟವನ್ನು ವಿಸರ್ಜಿಸಲಾಯಿತು. 1920ರಲ್ಲಿ ಪ್ಯಾರಿಸ್‌ನಲ್ಲಿ ಅದನ್ನು ಮತ್ತೆ ಕಟ್ಟಲಾಯಿತು, 1921ರಲ್ಲಿ ಚಾಂಪಿಯನ್‌ಷಿಪ್ ಪುನರಾರಂಭವಾದದ್ದು ಅದೇ ಲಿಯೋನ್‌ನಲ್ಲಿ.

ಇನ್ನು ನಗದಿನ ವಿಷಯ. ಯುರೋಪಿನ ಶೂಟಿಂಗ್ ಉತ್ಸವಗಳಲ್ಲಿ ಗೆದ್ದವರಿಗೆ ಹಣ ಕೊಡುವುದು ಹಳೆಯ ಪದ್ಧತಿ. ಇಂಗ್ಲೆಂಡಿನ ಕ್ವೀನ್ಸ್ ಪ್ರೈಜ್ (ಮೇಲೆ ಹೇಳಿದ ಕಿಂಗ್ಸ್ ಪ್ರೈಜ್‌ನ ಮೊದಲ ಹೆಸರು) ಕೂಡ 1860ರಲ್ಲಿ 250 ಪೌಂಡುಗಳ ಬಹುಮಾನವಾಗಿಯೇ ಆರಂಭವಾಯಿತು, ಅದನ್ನು ಮೊದಲು ಗೆದ್ದವರು ಎಡ್ವರ್ಡ್ ರಾಸ್. ಮದ್ದುಗುಂಡು, ಪ್ರಯಾಣ, ರೈಫಲಿನ ದುರಸ್ತಿ ಇವುಗಳ ಖರ್ಚನ್ನು ಸಾಮಾನ್ಯ ಗುರಿಕಾರ ಆ ಹಣದಿಂದಲೇ ತೂಗಿಸುತ್ತಿದ್ದ. ಒಲಿಂಪಿಕ್ಸ್‌ನವರು ಮಾತ್ರ ಹಣ ಮುಟ್ಟಿದವನು ಹವ್ಯಾಸಿಯಲ್ಲ ಎಂದು ಪಟ್ಟುಹಿಡಿದರು. 1928ರ ಆಮ್‌ಸ್ಟರ್‌ಡ್ಯಾಂ ಕೂಟದಲ್ಲಿ ಶೂಟಿಂಗ್ ಇರಲೇ ಇಲ್ಲ. 1932ರ ಲಾಸ್ ಏಂಜಲೀಸ್‌ನಲ್ಲಿ ಅದು ಮರಳಿತಾದರೂ ಒಂದು ಪಿಸ್ತೂಲು ಸ್ಪರ್ಧೆ ಮತ್ತು ಒಂದು ಸಣ್ಣ ನಳಿಗೆಯ ರೈಫಲ್ ಸ್ಪರ್ಧೆಯನ್ನು ಮಾತ್ರ ನಡೆಸಲಾಯಿತು. 1920ರ ಆಂಟ್‌ವರ್ಪ್‌ನಲ್ಲಿ 21 ಸ್ಪರ್ಧೆಗಳಿದ್ದವೆಂಬುದನ್ನು ನೆನೆದರೆ ಇಳಿಕೆ ಎಷ್ಟೆಂದು ತಿಳಿಯುತ್ತದೆ. ಆ ವರ್ಷಗಳಲ್ಲಿ ಶ್ರೇಷ್ಠ ರೈಫಲ್ ಗುರಿಕಾರರು ಯಾರೆಂದು ತಿಳಿಯಬೇಕಾದರೆ ಒಲಿಂಪಿಕ್ ಪಟ್ಟಿಯನ್ನು ಬದಿಗಿಟ್ಟು ವಿಶ್ವ ಚಾಂಪಿಯನ್‌ಷಿಪ್‌ಗಳ ಪಟ್ಟಿಯನ್ನೇ ತೆರೆಯಬೇಕಾಗುತ್ತದೆ.